ಹದಿಮೂರು ತಿಂಗಳ ವರ್ಷ

ನನ್ನಂಥ ಹಟಮಾರಿ ಗುಳೇದಗುಡ್ಡದಲ್ಲಿ ಹುಡುಕಿದರೂ ಇನ್ನೊಬ್ಬ ಸಿಗಲಿಕ್ಕಿಲ್ಲ. ಕುಪ್ಪಸದ ಖಣ ನೇಯುವ ರಾಚಪ್ಪ ಲಕ್ಷ ರೂಪಾಯಿಯ ಗೇಮಿಂಗ್ ಕಂಪ್ಯೂಟರ್ ಕೊಳ್ಳಬೇಕೋ ಬೇಡವೋ ಎಂದು ಆರು ತಿಂಗಳು ತಲೆ ಕೆಡಿಸಿಕೊಂಡ ಎಂದರೆ ನೀವು ನಗಬಹುದು. ನಗಿ, ಆದರೆ ಪೂರಾ ಕೇಳಿ ನಗಿ.

ನನ್ನ ತಮ್ಮ ನಾಗಲಿಂಗ ಹೋದ ವರ್ಷ ಜ್ಯೇಷ್ಠದ ಕಾರಹುಣ್ಣಿಮೆಯಾಗಿ ಎರಡು ದಿನಕ್ಕೆ ಕಮತಗಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಇಪ್ಪತ್ತಾರು ವಯಸ್ಸು. ಮಗ್ಗದಲ್ಲಿ ಕೂತರೂ ಅವನ ಜೀವವೆಲ್ಲ ಒಂದು ಆಟದಲ್ಲಿತ್ತು. ಕಂಪ್ಯೂಟರಿನೊಳಗೆ ಒಂದೊಂದೇ ಇಟ್ಟಿಗೆ ಇಟ್ಟು ಊರು ಕಟ್ಟುವ ಆಟ. ಅದರಲ್ಲಿ ನಮ್ಮ ಓಣಿ ಕಟ್ಟಿದ್ದ, ಓಣಿಯ ಕೊನೆಗೆ ಅವ್ವನಿಗೊಂದು ಮನೆ. "ಅವ್ವಾ, ನಿನಗೊಂದು ಮನಿ ಕಟ್ಟಾಕತ್ತೇನಿ, ಮುಗಿದ ಮ್ಯಾಲ ತೋರಸ್ತೇನಿ" ಎಂದು ದಿನಾ ಹೇಳುತ್ತಿದ್ದ. ನಾನು ಒಮ್ಮೆ ಅವನ ಬೆನ್ನ ಹಿಂದೆ ನಿಂತು ನೋಡಿದ್ದೆ. ಪಡಸಾಲೆಯಲ್ಲಿ ಮಗ್ಗವಿತ್ತು, ಗೋಡೆಯ ತುಂಬ ನಮ್ಮ ಖಣದ ಹೂಗಳಿದ್ದವು. ಛಲೋ ಆಗಿದೆ ಎನ್ನಬೇಕಿತ್ತು. ಮಗ್ಗ ಬಿಟ್ಟು ಇದೇನು ಹಚ್ಚೀಯಲೇ ಎಂದು ಬೈದೆ.

ಅವನು ಹೋಗಿ ಆರು ತಿಂಗಳಾದ ಮೇಲೆ ಖಲೀಲ ಬಂದ. ನಾಗಲಿಂಗನ ಜೀವದ ಗೆಳೆಯ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ಒಂದು ವರ್ಷ ಯಾರೂ ಒಳಗೆ ಹೋಗದಿದ್ದರೆ ಆಟದ ಕಂಪನಿಯವರು ಕಟ್ಟಿದ್ದೆಲ್ಲ ಅಳಿಸಿಬಿಡುತ್ತಾರೆ ಎಂದ. ನಾಗಲಿಂಗ ಕೊನೆಯ ಸಲ ಒಳಗೆ ಹೋದದ್ದು ಹುಣ್ಣಿಮೆಯ ದಿನ, ಜೂನ್ ಹನ್ನೊಂದಕ್ಕೆ. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಆಟದ ಹೊಸ ಆವೃತ್ತಿ ತೆರೆಯುವುದೇ ಇಲ್ಲವಂತೆ. ಬಿಡಿ ಭಾಗ ತಂದು ಜೋಡಿಸೋಣವೆಂದರೆ ಮೆಮೊರಿಯ ದರ ಏರಿ ಕೂತಿದೆ, ಕಂಪನಿಯವರೇ ಜೋಡಿಸಿ ಕಳಿಸಿದ ಡೆಸ್ಕ್‌ಟಾಪೇ ಸೋವಿ ಎಂದು ಮೊಬೈಲಿನಲ್ಲಿ ಒಂದನ್ನು ತೋರಿಸಿದ. ಗಾಜಿನ ಡಬ್ಬಿ, ಒಳಗೆ ಬಣ್ಣಬಣ್ಣದ ದೀಪ. ನನಗೆ ಅದು ಮದುವೆಯ ಬ್ಯಾಂಡಿನವರ ಗಾಡಿಯಂತೆ ಕಂಡಿತು.

ಈಗಲೇ ಕೊಳ್ಳಲಾಗದಿದ್ದರೆ ಪಾಸ್‌ವರ್ಡಾದರೂ ಕೊಡಿ, ಅಂಗಡಿಯಲ್ಲೇ ಒಮ್ಮೆ ತೆರೆದು ಮುಚ್ಚುತ್ತೇನೆ, ಅಷ್ಟಾದರೆ ಸಾಕು ಎಂದೂ ಹೇಳಿದ. ಪಾಸ್‌ವರ್ಡು ತಮ್ಮನ ಡೈರಿಯಲ್ಲಿತ್ತು, ಡೈರಿ ನನ್ನ ಟ್ರಂಕಿನಲ್ಲಿತ್ತು. ನನ್ನ ತಲೆ ಕೆಟ್ಟಿತು. ನನ್ನ ತಮ್ಮ ಕಟ್ಟಿದ ಮನೆಗೆ ಅವ್ವನಿಗಿಂತ ಮೊದಲು ಅಂಗಡಿಯ ಗಿರಾಕಿಗಳು ಹೋಗಬೇಕೇ?

"ಸತ್ತವನ ಹೆಸರ ಮ್ಯಾಲೆ ಯಾಪಾರ ಮಾಡಾಕ ಬಂದೀಯೇನ್ಲೇ?" ಎಂದುಬಿಟ್ಟೆ.

ಖಲೀಲನ ಮುಖ ಸಣ್ಣದಾಯಿತು. ಮುಂದಿಟ್ಟ ಚಹಾ ಮುಟ್ಟದೆ ಎದ್ದು ಹೋದ.

ಅವ್ವ ಸಿದ್ದಲಿಂಗವ್ವನದು ಒಂದೇ ಮಾತು. ಸಾವಾದ ಮನೆಗೆ ವರ್ಷ ತುಂಬುವವರೆಗೆ ಹೊಸದೇನೂ ಬರಬಾರದು, ಕಾರಹುಣ್ಣಿಮೆ ದಾಟಲಿ. ಅವಳು ಹೊಸ ಸೀರೆ ಉಟ್ಟಿರಲಿಲ್ಲ, ಇನ್ನೊಬ್ಬರ ಹೊಸ್ತಿಲು ತುಳಿದಿರಲಿಲ್ಲ. ಖರೆ ಹೇಳುತ್ತೇನೆ, ನನಗೆ ಒಳಗೊಳಗೇ ಹಗುರಾಯಿತು. ಲಕ್ಷ ರೂಪಾಯಿಯ ಮಾತು ಮುಂದೆ ಹೋಯಿತಲ್ಲ. ನಮ್ಮ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತವೆ. ಮೇ ಕೊನೆಗೆ ಹುಣ್ಣಿಮೆ, ಜೂನ್ ಹನ್ನೊಂದಕ್ಕೆ ಕಂಪನಿಯ ಗಡುವು. ನಡುವೆ ಹತ್ತು ದಿನ ಸಿಗುತ್ತವೆ ಎಂದು ಬೆರಳು ಮಡಚಿ ಲೆಕ್ಕ ಹಾಕಿ ಸುಮ್ಮನಾದೆ. ಗಡುವಿನ ಸುದ್ದಿಯನ್ನು ಅವ್ವನಿಗೆ ಹೇಳಲೇ ಇಲ್ಲ.

ಈ ವರ್ಷ ಜ್ಯೇಷ್ಠ ಮಾಸ ಎರಡು ಬಂತು. ಅಧಿಕಮಾಸ ಎಂದು ಮದುವೆಗಳು ನಿಂತವು, ಖಣ ಕೇಳುವವರಿಲ್ಲದಾಯಿತು. ಅದನ್ನೇ ಗೊಣಗುತ್ತ ಕೂತೆನೇ ಹೊರತು ಬೇರೆ ಯೋಚನೆ ಮಾಡಲಿಲ್ಲ. ಮೇ ಮೂವತ್ತೊಂದರ ಹುಣ್ಣಿಮೆಯ ದಿನ, ನಾಳೆ ಕಂಪ್ಯೂಟರ್ ತರುತ್ತೇನೆ ಎಂದು ಅವ್ವನಿಗೆ ಹೇಳಿದೆ.

"ಇದು ಅಧಿಕದ ಹುಣ್ಣಿವಿ, ರಾಚಪ್ಪಾ. ಕಾರಹುಣ್ಣಿವಿ ಬರೂದು ಮುಂದಿನ ತಿಂಗಳ ಇಪ್ಪತ್ತೊಂಬತ್ತಕ್ಕ. ಈ ಸಲ ನಮ್ಮ ವರ್ಷಕ್ಕ ಹದಿಮೂರು ತಿಂಗಳು" ಎಂದಳು.

ಇನ್ನು ಹನ್ನೊಂದು ದಿನ ಉಳಿದಿದ್ದವು. ಗಡುವು ಹೀಗಿದೆ ಎಂದು ಹೇಳಿದ್ದರೆ ಅವ್ವನೇ ರೂಢಿ ಮುರಿಯುತ್ತಿದ್ದಳೋ ಏನೋ. ಖಲೀಲನಿಗೆ ಒಂದು ಫೋನ್ ಮಾಡಿದ್ದರೂ ಸಾಕಿತ್ತು. ಅವತ್ತು ಅಂಥ ಮಾತು ಆಡಿದ ಬಾಯಿಂದ ಈಗ ಉಪಕಾರ ಬೇಡುವುದು ಹೇಗೆ? ದಿನಾ ಅವನ ನಂಬರು ತೆಗೆಯುತ್ತಿದ್ದೆ, ನೋಡುತ್ತಿದ್ದೆ, ಫೋನ್ ಕೆಳಗಿಡುತ್ತಿದ್ದೆ. ದೊಡ್ಡ ಕಂಪನಿ, ಹದಿನೆಂಟು ದಿನ ತಡವಾದರೆ ಏನಂತೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹನ್ನೊಂದು ದಿನಗಳೂ ಹಾಗೇ ಹೋದವು.

ಕಾರಹುಣ್ಣಿಮೆ ದಾಟಿದ ಮೇಲೆ ವಿದ್ಯಾಗಿರಿಗೆ ಹೋದೆ. ಖಲೀಲ ಹಳೆಯದನ್ನು ಎತ್ತಲಿಲ್ಲ, ದಿನ ಮೀರಿದೆ ಎಂದೂ ಹಂಗಿಸಲಿಲ್ಲ. ತಾನೇ ಕಂಪ್ಯೂಟರ್ ತಂದು ನಮ್ಮ ಪಡಸಾಲೆಯಲ್ಲಿ ಜೋಡಿಸಿ ಕೊಟ್ಟ. ಅವ್ವ ಕೈಕಾಲು ತೊಳೆದು, ಇಳಕಲ್ ಸೀರೆಯ ಸೆರಗು ಹೊದ್ದು ಬಂದು ಮುಂದೆ ಕೂತಳು.

ಪಾಸ್‌ವರ್ಡು ಒಪ್ಪಿಕೊಂಡಿತು. ಆಟ ತೆರೆಯಿತು. ಬರೀ ಹಸಿರು ಬಯಲು. ಓಣಿಯಿಲ್ಲ, ಮನೆಯಿಲ್ಲ, ಒಂದು ಗೋಡೆ ಕೂಡ ಇಲ್ಲ. ಖಲೀಲ ತಲೆ ತಗ್ಗಿಸಿದ.

"ನನ್ನ ಮನಿ ಎಲ್ಲೈತಿ?" ಎಂದು ಅವ್ವ ಕೇಳಿದಳು.

ನಾನೇ ಕಳೆದೆ ಎನ್ನಬೇಕಿತ್ತು.

"ಅವ ಇನ್ನೂ ಚಾಲೂ ಮಾಡಿರ್ಲಿಲ್ಲ ಕಾಣಸ್ತೈತಿ, ಅವ್ವಾ" ಎಂದೆ.

ಖಲೀಲ ನನ್ನನ್ನೇ ದಿಟ್ಟಿಸಿದ. ಅವ್ವ ಆ ಬಯಲನ್ನು ಬಹಳ ಹೊತ್ತು ನೋಡಿದಳು.

"ಹಂಗಾರ ನಮ್ಮ ನಾಗ್ಯಾ ದಿನಾ ನನಗ ಸುಳ್ಳು ಹೇಳತಿದ್ನೇನು?" ಎಂದು ಕೇಳಿದಳು.

ನಾನು ಇಲ್ಲ ಎನ್ನಲಿಲ್ಲ.