ಗೋದಲಿಯ ಜಿರಾಫೆ

ನೈರೋಬಿಯ ನಮ್ಮ ಮನೆಯ ಕ್ರಿಸ್ಮಸ್ ಗೋದಲಿಯಲ್ಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಆ ಮಾದರಿಯಲ್ಲಿ, ಕುರಿಗಳ ಪಕ್ಕ ಮರದ ಜಿರಾಫೆಯೊಂದು ನಿಲ್ಲುತ್ತದೆ. ಕತ್ತು ಉದ್ದವಿದ್ದ ಕಾರಣ ಯೇಸು ಹುಟ್ಟಿದ ರಾತ್ರಿಯ ನಕ್ಷತ್ರವನ್ನು ಎಲ್ಲರಿಗಿಂತ ಮೊದಲು ಕಂಡದ್ದು ಅದೇ ಎಂದು ಅಜ್ಜಿ ಕತೆ ಹೇಳುತ್ತಿದ್ದರು. ಹಬ್ಬದ ಹಿಂದಿನ ಸಂಜೆ ಬಾಲಯೇಸುವಿನ ಬೊಂಬೆಯನ್ನು ಹುಲ್ಲಿನ ಮೇಲೆ ಮಲಗಿಸುವುದು ಮನೆಯ ಅತಿ ಕಿರಿಯರ ಕೆಲಸ. ಆಮೇಲೆ ಕರಿದ ರೋಸ್ ಕುಕ್ಕಿ ತಿನ್ನುತ್ತಾ, ಕೂಗಿದ ನಂಬರ್ ಚೀಟಿಯಲ್ಲಿದ್ದರೆ ಗುರುತು ಹಾಕುವ ಹೌಸಿ ಆಟ.

ಇಷ್ಟು ವರ್ಷ ಮಲಗಿಸಿದ್ದು ನಾನು. ಈ ಸಲ ಗ್ಲೋರಿಯಾ ಅಕ್ಕನ ಮಗುವಿನ ಕೈಯಿಂದ ಮಲಗಿಸುವುದೆಂದು ಮಾತಾಗಿತ್ತು. ಮಗು ಅಕ್ಟೋಬರಿನಲ್ಲಿ ಹುಟ್ಟಿತು, ಉಸಿರಾಡಲಿಲ್ಲ.

ಆ ಸಂಜೆ ಪಪ್ಪ ಬೊಂಬೆಯನ್ನು ನನ್ನತ್ತ ಚಾಚಿದರು. ನನ್ನ ಕೈ ಮುಂದೆ ಹೋಗಲಿಲ್ಲ.

“ತಗೊಳ್ಳೇ, ಕಂಬದ ಹಾಗೆ ನಿಂತ್ಯಲ್ಲ,” ಎಂದರು ಅಜ್ಜಿ.

“ಇಲ್ಲಿ ಕೊಡಿ ಪಪ್ಪ. ನನ್ನ ಮಗನ ಟರ್ನ್ ಅಲ್ವಾ? ನಾನಿಡ್ತೀನಿ,” ಎನ್ನುತ್ತ ಅಕ್ಕ ಎದ್ದು ಬಂದಳು.

ಬೊಂಬೆ ಮಲಗಿಸಿ, ಹುಲ್ಲು ಸರಿಮಾಡಿದಳು. ಆಮೇಲೆ ಜಿರಾಫೆಯ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

“ಇದಕ್ಕೆ ಎಲ್ಲಾ ಮೊದಲೇ ಕಾಣುತ್ತೆ ಅಂತಿದ್ರಲ್ಲ ಅಜ್ಜಿ. ಇದ್ಯಾಕೆ ಕಾಣ್ಲಿಲ್ಲ?”

ಅಜ್ಜಿ ರೋಸ್ ಕುಕ್ಕಿಯ ತಟ್ಟೆಯನ್ನು ಅಕ್ಕನತ್ತ ಸರಿಸಿದರು.

“ಹೌಸಿ ಶುರು ಮಾಡಿ ಪಪ್ಪ,” ಎಂದು ಅಕ್ಕನೇ ಹೇಳಿದಳು.

ಪಪ್ಪ ಮೊದಲ ನಂಬರ್ ಕೂಗಿದರು. ಅದು ಅಕ್ಕನ ಚೀಟಿಯಲ್ಲೇ ಇತ್ತು. ಅವಳು ಪೆನ್ಸಿಲ್ ಹಿಡಿದು ಗೋದಲಿಯತ್ತಲೇ ನೋಡುತ್ತಿದ್ದಳು. ನಾನೇ ಬಗ್ಗಿ ಗುರುತು ಹಾಕಿದೆ.