ತಂತಿ ಇಲ್ಲದ ಮನೆ

ಧರ್ಮೇಶನ ಕೈಯಿಂದ ವೈರನ್ನು ಕಿತ್ತುಕೊಂಡ ಮುನಿಯಮ್ಮ ಅದನ್ನು ಗೇಟಿನಾಚೆ ಬೀದಿಗೆ ಎಸೆದಳು. ಸುರುಳಿ ಬಿಚ್ಚಿಕೊಳ್ಳುತ್ತ ಹೋಗಿ, ತುದಿಯ ಪ್ಲಗ್ಗು ಚರಂಡಿಯ ಕಲ್ಲಿಗೆ ಬಡಿಯಿತು.

“ತಂತಿ ನನ್ನ ಅಂಗಳಕ್ಕೆ ಬರಕೂಡದು ಅಂದೆ. ಕಿವಿ ಕೇಳಲ್ವಾ ನಿಂಗೆ?”

“ದೊಡ್ಡಮ್ಮ, ಕರೆಂಟ್ ಇಲ್ದೆ ಪೆಟ್ಟಿಗೆ ತಣ್ಣಗಾಗಲ್ಲ.”

“ಹಂಗಾರೆ ಪೆಟ್ಟಿಗೆ ಬ್ಯಾಡ.”

ಧರ್ಮೇಶ್ ಅವಳ ಮೈದುನನ ಮಗ, ಪ್ರೈಮರಿ ಶಾಲೆಯ ಮೇಷ್ಟ್ರು. ಹೆಣ ಇಡುವ ಫ್ರೀಜರ್ ಪೆಟ್ಟಿಗೆಯನ್ನು ಅರಸೀಕೆರೆಯಿಂದ ತರಿಸಿದವನು ಅವನೇ. ವ್ಯಾನಿನವರು ಅದನ್ನು ಇಳಿಸಿ, ಬಂದವರು ಓಡಾಡಲು ಜಾಗವಿರಲಿ ಎಂದು ಮನೆಯ ಪಕ್ಕದ ಗೋಡೆಗೆ ಒತ್ತಾಗಿ ತಳ್ಳುತ್ತಿದ್ದರು. ಮುನಿಯಮ್ಮನ ಮನೆಗೆ ಕರೆಂಟೇ ಇರಲಿಲ್ಲ. ಆದರೆ ಪಕ್ಕದ ಮನೆಯ ದೇವೀರಮ್ಮನ ಬೋರ್ಡಿನಿಂದ ವೈರ್ ಎಳೆದರೆ ಸಾಕಿತ್ತು.

ಒಳಗೆ ನಡುಮನೆಯ ಚಾಪೆಯ ಮೇಲೆ ಶಿವಯ್ಯ ಮಲಗಿದ್ದ. ನಿನ್ನೆ ಸಂಜೆ ಬಾಣಾವರದ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ, ಪಂಪ್‌ಸೆಟ್ಟಿನ ಮೋಟರಿಗೆ ತಂತಿ ಸುತ್ತುತ್ತಿದ್ದವನು ಸ್ಟೂಲಿನ ಮೇಲೆ ಕೂತಂತೆಯೇ ಹೋಗಿಬಿಟ್ಟಿದ್ದ. ವಿಜಯಪುರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿರುವ ಮಗಳು ಮಂಜುಳಾ ಬೆಳಿಗ್ಗೆ ರೈಲು ಹತ್ತಿದ್ದಳು. ಅರಸೀಕೆರೆಯಲ್ಲಿ ಇಳಿದು ಇಲ್ಲಿಗೆ ಮುಟ್ಟುವಾಗ ಸಂಜೆ ಐದಾಗುತ್ತದೆ. ಏಪ್ರಿಲ್ ತಿಂಗಳು. ಬೆಳಿಗ್ಗೆ ತಂದ ಐಸ್ ಗಡ್ಡೆಗಳು ಹತ್ತು ಗಂಟೆಗೇ ಕರಗಿ, ನೀರು ಹೊಸ್ತಿಲು ದಾಟಿ ಅಂಗಳದ ಮಣ್ಣಿಗೆ ಇಳಿದಿತ್ತು.

“ಈ ಬಿಸಿಲಲ್ಲಿ ಸಂಜೆಗಂಟ ಮಡಗಕ್ಕಾಯ್ತದಾ?” ಜಗಲಿಯ ಮೇಲೆ ಕೂತಿದ್ದ ಕೆಂಚಪ್ಪ ಎಲೆಗೆ ಸುಣ್ಣ ಹಚ್ಚುತ್ತ ಅಂದ. ಕೇರಿಯ ಸಾವುಗಳಿಗೆಲ್ಲ ಅವನೇ ಹಿರಿಯ. “ಹನ್ನೆರಡಕ್ಕೆ ಎತ್ಬಿಡಿ. ಮಗಳು ಬಂದು ಮಣ್ಣು ಮುಚ್ಚಿದ ಗುದ್ದಕ್ಕೆ ಹಾಲು ಬುಡ್ಲಿ.”

“ನಮ್ಮನೆ ಜಗಲೀಲಿ ಇಡಿ, ನಂಗೇನು ಬ್ಯಾಸರ ಇಲ್ಲ,” ಎಂದಳು ದೇವೀರಮ್ಮ.

“ಎತ್ತಿದ ಹೆಣ ಗುಂಡಿಗಂಟ ಹೋಗ್ಬೇಕು ಕಣಮ್ಮ. ಮಧ್ಯ ಇನ್ನೊಬ್ರ ಜಗಲೀಲಿ ಇಳಿಸಿದ್ರೆ ಆ ಮನೆ ಕತೆ ಏನು?” ಕೆಂಚಪ್ಪ ಎಲೆಯನ್ನು ದವಡೆಗೆ ಒತ್ತಿದ. “ಅಲ್ಲ ಕಣ್ಲಾ ಧರ್ಮೇಶ, ನಿಮ್ಮ ದೊಡ್ಡಪ್ಪ ತಂತಿ ಇಲ್ದಲೇ ಕರೆಂಟು ಕಳಿಸ್ತಿದ್ದನಲ್ಲ? ಒಂದು ಗಳಿಗೆ ಎದ್ದು ಪೆಟ್ಟಿಗೆಗೂ ಕಳಿಸಿ, ಆಮೇಲೆ ಮಲಕ್ಕಳ್ಳಕ್ಕೆ ಹೇಳು.”

ಒಬ್ಬಿಬ್ಬರು ನಕ್ಕು, ಮುನಿಯಮ್ಮನ ಮುಖ ಕಂಡು ನಗು ನುಂಗಿಕೊಂಡರು.

ಅಷ್ಟರಲ್ಲಿ ಧರ್ಮೇಶನ ಫೋನು ಹೊಡೆದುಕೊಂಡಿತು. ಮಂಜುಳಾ. ರೈಲಿನ ಸದ್ದಿನಲ್ಲಿ ಅವಳು ಕೂಗಿ ಮಾತಾಡುತ್ತಿದ್ದುದು ಎಲ್ಲರಿಗೂ ಕೇಳಿಸುತ್ತಿತ್ತು.

“ಅವ್ವಂಗೆ ಕೊಡೋ. ಅವ್ವಾ, ತಮ್ಮ ಮಧು ಮುಖಾನೂ ನೋಡಕ್ಕೆ ಬಿಡಲಿಲ್ಲ ನೀವು. ನಾನು ಬಸ್ಸಿಳಿಯೋ ಹೊತ್ತಿಗೆ ಮಣ್ಣು ಮುಚ್ಚಿದ್ರಿ. ಅಪ್ಪನ್ನೂ ಹಂಗೆ ಮಾಡಬ್ಯಾಡವ್ವಾ. ಕೈ ಮುಗೀತೀನಿ.”

ಮುನಿಯಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದು ನಿಂತಳು. ಅವಳ ತುಟಿ ಏನನ್ನೋ ಹೇಳಲು ಅಲುಗಿದ್ದನ್ನು ಗೇಟಿನ ಬಳಿ ನಿಂತಿದ್ದ ದೇವೀರಮ್ಮನ ಮಗಳು ಮಾಲಿನಿ ನೋಡಿದಳು. ಆಗ ಒಳಗಿನಿಂದ ಹೆಂಗಸರ ಕೂಗು ಕೇಳಿಸಿತು.

“ದೀಪ ಹೋಯ್ತು! ಮುನಿಯಮ್ಮ, ಗೂಡಿನ ದೀಪ ಹೋಯ್ತು!”

ಶಿವಯ್ಯನ ತಲೆಯ ಹತ್ತಿರದ ಗೋಡೆಯ ಗೂಡಿನಲ್ಲಿ, ಬುದ್ಧನ ಪಟದ ಪಕ್ಕ, ತಿಂಗಳುಗಟ್ಟಲೆ ಹಗಲೂ ರಾತ್ರಿ ಉರಿದ ಬೆಳ್ಳಗಿನ ಸಣ್ಣ ದೀಪ ಆರಿತ್ತು. ಹೆಣದ ತಲೆಯ ಬಳಿ ಎಣ್ಣೆದೀಪ ಹಚ್ಚಲು ಬಂದವರಿಗೆ ಮುನಿಯಮ್ಮ ಬೆಳಿಗ್ಗೆಯಷ್ಟೇ ಹೇಳಿದ್ದಳು: ಅವರ ದೀಪ ಅವರೇ ಇಟ್ಟವ್ರೆ.

ಅವಳು ಒಳಗೆ ಹೋಗಿ ಗೂಡನ್ನೂ ಗಂಡನ ಮುಖವನ್ನೂ ನೋಡಿದಳು. ಹೊರಗೆ ಬಂದಾಗ ಅವಳ ದನಿ ಗಟ್ಟಿಯಾಗಿತ್ತು.

“ಪೆಟ್ಟಿಗೆ ಬಂದ ತಕ್ಷಣ ದೀಪ ಆರಿಸ್ಕೊಂಡ್ರು. ತಂತಿ ಬ್ಯಾಡ ಅಂತ ಅವರೇ ಹೇಳಾಯ್ತು. ಗುಂಡಿ ತೆಗಿಸ್ರಿ. ಹನ್ನೆರಡಕ್ಕೇ ಎತ್ತಿ.”

*

ಒಂಬತ್ತು ವರ್ಷದ ಹಿಂದಿನ ಒಂದು ಭಾನುವಾರ ಮುನಿಯಮ್ಮನ ಮಗ ಮಧುಕುಮಾರ್ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಒದ್ದೆ ಮೈಯಲ್ಲೇ ಬಂದು, ಹಿಂಡಿದ ಅಂಗಿಯನ್ನು ಅಂಗಳದ ಬಟ್ಟೆ ತಂತಿಯ ಮೇಲೆ ಹಾಕಿದ್ದ. ಅವನಿಗೆ ಹದಿನೈದು. ಬಟ್ಟೆ ತಂತಿಯನ್ನು ಕಟ್ಟಿದವನು ಶಿವಯ್ಯ. ಅದರ ಒಂದು ತುದಿ ಇದ್ದದ್ದು ಬೀದಿಯಿಂದ ಮನೆಗೆ ಕರೆಂಟು ಬರುವ ವೈರಿನ ಕಂಬದಲ್ಲೇ. ವೈರಿನ ಮೇಲಿನ ರಬ್ಬರು ಸವೆದಿತ್ತು. ಬಟ್ಟೆ ತಂತಿಗೆ ಕರೆಂಟು ಹರಿದು ಹುಡುಗ ಅಲ್ಲೇ ಹೋಗಿದ್ದ.

ಮೈಸೂರಿನ ನರ್ಸಿಂಗ್ ಹಾಸ್ಟೆಲಿನಿಂದ ಮಂಜುಳಾ ಬರುವವರೆಗೆ ಹಿರಿಯರು ಕಾಯಲಿಲ್ಲ. ಆಸ್ಪತ್ರೆಯಲ್ಲಿ ಕೊಯ್ದ ಹೆಣ, ಇಡುವುದು ಬೇಡ ಅಂದರು.

ಮೂರನೆಯ ದಿನ ಮುನಿಯಮ್ಮ ಲೈನ್‌ಮನ್‌ನನ್ನು ಕರೆಸಿ ವೈರು ಕತ್ತರಿಸಿ ಹಾಕಿಸಿದಳು. ಗೋಡೆಯ ಸ್ವಿಚ್ಚುಗಳನ್ನು ತಾನೇ ಕಿತ್ತಳು. ಸ್ವಿಚ್ಚಿದ್ದ ಕಡೆಯೆಲ್ಲ ಮಣ್ಣು ಮೆತ್ತಿದಳು. ಅಂದಿನಿಂದ ಆ ಮನೆಯ ಬಟ್ಟೆ ಒಣಗಿದ್ದು ಬೇಲಿಯ ಮೇಲೆ, ಉರಿದದ್ದು ಸೀಮೆಎಣ್ಣೆ ಬುಡ್ಡಿ. ತಂತಿ ಕಟ್ಟಿದ್ದು ಯಾರೆಂದು ಅವಳು ಗಂಡನನ್ನು ಒಮ್ಮೆಯೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಹಗಲೆಲ್ಲ ಅಂಗಡಿಯಲ್ಲಿ ತಂತಿ ಸುತ್ತಿ, ಸಂಜೆ ಗೇಟಿನ ಹೊರಗೆ ಕೈ ತೊಳೆದುಕೊಂಡು ಅವನು ಒಳಗೆ ಬರುತ್ತಿದ್ದ. ಕೆಲವು ಸಂಜೆ ಅಂಗಳದ ನಡುವೆ ನಿಂತು ಬರಿಯ ಗಾಳಿಯನ್ನು ನೋಡುತ್ತಿದ್ದ, ಅಲ್ಲಿ ಇನ್ನೂ ಏನೋ ನೇತಾಡುತ್ತಿದೆ ಎನ್ನುವಂತೆ.

*

ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಮನೆಯಲ್ಲಿದ್ದ ಮಾಲಿನಿಯನ್ನು ಅಂಗಡಿಗೆ ಕಳಿಸೆಂದು ಶಿವಯ್ಯನೇ ಬಂದು ದೇವೀರಮ್ಮನನ್ನು ಕೇಳಿದ್ದ.

“ನನ್ನ ಮಗಳು ಯಾವ ಕೆಲಸಕ್ಕೆ ಆದಾಳು ಅಣ್ಣ? ನಾಕು ಮಾತಾಡಲ್ಲ.”

“ಅದಕ್ಕೇ ಕೇಳಿದ್ದು ಕಣವ್ವ. ಸುತ್ತು ಎಣಿಸೋವಾಗ ಮಾತಾಡದೋರು ಬೇಕು.”

ಮಾಲಿನಿ ಮೋಟರಿನ ತಂತಿ ಸುತ್ತುವುದನ್ನು ಕಲಿತಳು. ಆದರೆ ಮಧ್ಯಾಹ್ನ ಅಂಗಡಿಗೆ ಯಾರೂ ಬರದ ಹೊತ್ತಿನಲ್ಲಿ ಶಿವಯ್ಯ ಮಾವ ಬೇರೆಯದೇ ಸುರುಳಿಗಳನ್ನು ಮಾಡುತ್ತಿದ್ದ. ಊಟದ ತಟ್ಟೆಯಷ್ಟು ಅಗಲ. ಹದಿನೈದು ಸುತ್ತಿಗೆ ನಿಲ್ಲಿಸಿ, ತಂತಿಯನ್ನು ಒಂದು ಕುಣಿಕೆಯಾಗಿ ಹೊರಗೆ ಬಿಟ್ಟು, ಮತ್ತೆ ಒಂದರಿಂದ ಎಣಿಸಬೇಕು. ಹದಿನೈದಕ್ಕೆ ಬಂದಾಗಲೆಲ್ಲ ಅವನ ಕೈ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಕುಣಿಕೆಗೂ ಎರಡು ತುದಿಗಳಿಗೂ ಹಳೆಯ ಆಂಪ್ಲಿಫೈಯರಿನಿಂದ ತೆಗೆದ ಟ್ರಾನ್ಸಿಸ್ಟರನ್ನೂ ಬ್ಯಾಟರಿಯನ್ನೂ ಸೇರಿಸಿ ಬೆಸುಗೆ ಹಾಕುತ್ತಿದ್ದ. ಇನ್ನೊಂದು ಸುರುಳಿಗೆ ಬರೀ ಒಂದು ಸಣ್ಣ ಎಲ್ಇಡಿ. ಮೊದಲ ಏಳು ಟ್ರಾನ್ಸಿಸ್ಟರುಗಳು ಕಾದು ಸುಟ್ಟುಹೋದವು. ಎಂಟನೆಯದು ತಡೆಯಿತು. ಎರಡು ಸುರುಳಿಗಳನ್ನು ಎದುರುಬದುರು ಹಿಡಿದಾಗ, ನಡುವೆ ಏನೂ ಇಲ್ಲದೆ, ದೀಪ ಹತ್ತಿತು.

ಮೋಟರು ತಂದಿದ್ದ ಕೆಂಚಪ್ಪ ಅದನ್ನು ನೋಡಿ ತಲೆ ಚಚ್ಚಿಕೊಂಡಿದ್ದ. “ಸಂತೇಲಿ ಸೋಲಾರ್ ದೀಪ ಸಿಗ್ತದಲ್ಲೋ ಶಿವಯ್ಯ. ಒಂದು ತಗಂಡೋಗಿ ಇಡು. ಇಷ್ಟುದ್ದ ತಪಸ್ಸು ಯಾಕೆ?”

“ಅದು ಬಿಸಿಲಿಂದು ಕೆಂಚಪ್ಪಣ್ಣ. ನಂಗೆ ಇದೇ ಕರೆಂಟು ಬರಬೇಕು. ಬಂದು, ಮುಟ್ಟಿದ್ರೂ ಏನೂ ಮಾಡದಂಗೆ ಕೂತ್ಕಬೇಕು.”

ಕೆಂಚಪ್ಪ ಹೋದ ಮೇಲೆ ಅವನು ಮಾಲಿನಿಯ ಕಡೆ ನೋಡದೆ ಹೇಳಿದ್ದ: “ಆ ವೈರು ಸವೆದಿರೋದು ಶನಿವಾರವೇ ಕಂಡಿತ್ತು ಕಣಮ್ಮಿ. ಸೋಮವಾರ ಟೇಪ್ ಸುತ್ತಿದ್ರಾಯ್ತು ಅಂದ್ಕೊಂಡೆ. ಐದು ನಿಮಿಷದ ಕೆಲಸ.”

ಮಾಲಿನಿ ಅದನ್ನು ಯಾರಿಗೂ ಹೇಳಲಿಲ್ಲ.

ದೀಪದ ಗೂಡಿನಲ್ಲಿ ಗೋಡೆ ನಾಲ್ಕು ಬೆರಳಷ್ಟೇ ದಪ್ಪ. ಶಿವಯ್ಯ ಹೊರಗಡೆ ಮೊಳೆ ಹೊಡೆದು ಒಂದು ಸುರುಳಿ ತೂಗುಹಾಕಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಬೇಸಿನ್ ಮುಚ್ಚಿದ. ಕೆಳಗೆ ಬ್ಯಾಟರಿ. ದಿನವೂ ಒಂದನ್ನು ಅಂಗಡಿಗೆ ಹೊತ್ತೊಯ್ದು ಚಾರ್ಜಿಗೆ ಹಾಕಿ, ಇನ್ನೊಂದನ್ನು ತಂದಿಡುವುದು. ಒಳಗೆ, ಗೂಡಿನಲ್ಲಿ, ದೀಪದ ಸುರುಳಿ.

ಅದು ಹತ್ತಿದ ದಿನ ಮುನಿಯಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. “ತಂತಿ ಎಲ್ಲೈತೆ?” ಅಂದಳು. ಶಿವಯ್ಯ ಸುರುಳಿಗೂ ಗೋಡೆಗೂ ನಡುವೆ ತನ್ನ ಅಂಗೈ ತೂರಿಸಿದ. ದೀಪ ಆರಲಿಲ್ಲ. ಅವನಿಗೇನೂ ಆಗಲಿಲ್ಲ. ಕೈಯನ್ನು ಹಾಗೆಯೇ ಇಟ್ಟು ಹೆಂಡತಿಯ ಮುಖ ನೋಡಿದ. ಎಷ್ಟೋ ವರ್ಷದಿಂದ ಅವನು ಹಾಗೆ ನೋಡಿರಲಿಲ್ಲ. ಮುನಿಯಮ್ಮ ಒಲೆಯ ಕಡೆ ತಿರುಗಿದಳು. ಆದರೆ ತೆಗೆ ಅನ್ನಲಿಲ್ಲ.

*

ಗುಂಡಿ ತೆಗೆಯುವವರು ಹಾರೆ ಹೆಗಲ ಮೇಲಿಟ್ಟುಕೊಂಡು ಹೊರಟರು. ಧರ್ಮೇಶ್ ಜಗಲಿಯ ಮೂಲೆಯಲ್ಲಿ ನಿಂತು, ಮಂಜುಳಾಳಿಗೆ ಏನು ಹೇಳಬೇಕೆಂದು ತಿಳಿಯದೆ ಫೋನನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ.

ಮಾಲಿನಿ ಮನೆಯ ಪಕ್ಕಕ್ಕೆ ಬಂದಳು. ಫ್ರೀಜರ್ ಪೆಟ್ಟಿಗೆಯ ಉದ್ದನೆಯ ಸ್ಟೀಲಿನ ಮೈ ಪ್ಲಾಸ್ಟಿಕ್ ಬೇಸಿನ್ನನ್ನು ಗೋಡೆಗೆ ಅಮುಕಿಕೊಂಡು ನಿಂತಿತ್ತು. ಒಮ್ಮೆ ಅಂಗಡಿಯಲ್ಲಿ ಸುರುಳಿಗಳ ಹತ್ತಿರ ಸ್ಟೀಲಿನ ಬುತ್ತಿಯ ಮುಚ್ಚಳ ಇಟ್ಟಾಗ ದೀಪ ಆರಿದ್ದು ಅವಳಿಗೆ ನೆನಪಾಯಿತು. ಮುಚ್ಚಳ ಅಡ್ಡ ಬಂದ್ರೆ ಹರಿಯೋದನ್ನೆಲ್ಲ ಅದೇ ಕುಡಿದುಬಿಡ್ತದೆ, ಅಂದಿದ್ದ ಮಾವ.

ಅವಳು ಪೆಟ್ಟಿಗೆಗೆ ಹೆಗಲು ಕೊಟ್ಟು ತಳ್ಳಿದಳು. ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದಳು. ಅಂಗಳದಲ್ಲಿ ಯಾರೋ ಚಟ್ಟಕ್ಕೆ ಬಿದಿರು ಸೀಳತೊಡಗಿದ್ದರು. ಸುಮ್ಮನಿದ್ದರೆ ಹನ್ನೆರಡಕ್ಕೆ ಎತ್ತುತ್ತಾರೆ.

ಅವಳು ಜನರ ನಡುವೆ ದಾರಿ ಮಾಡಿಕೊಂಡು ಬಂದು ಮುನಿಯಮ್ಮನ ಮುಂದೆ ನಿಂತಳು.

“ಅತ್ತೆ. ಅದು ಆರಿದ್ದಲ್ಲ. ಪೆಟ್ಟಿಗೆ ಒತ್ಕೊಂಡೈತೆ. ಮಾವನ ಸುರುಳಿ ಮೇಲೆ.”

“ಇವಳಿಗೆ ಬಾಯಿ ಐತಾ!” ಎಂದ ಕೆಂಚಪ್ಪ, ನಿಜವಾಗಿಯೇ ಬೆರಗಾಗಿ.

“ಸ್ಟೀಲು ಹತ್ರ ಬಂದ್ರೆ ಉರಿಯಲ್ಲ ಅತ್ತೆ. ಅದನ್ನ ಈಚೆ ಎಳೆಸಿ. ಹತ್ತಲಿಲ್ಲ ಅಂದ್ರೆ ಎತ್ತಿ.”

ಮುನಿಯಮ್ಮ ಬೇಡವೆನ್ನಲಿಲ್ಲ. ಧರ್ಮೇಶ್ ಜಗಲಿಯಿಂದ ಹಾರಿ ವ್ಯಾನಿನವರನ್ನು ಕೂಗಿದ. ನಾಲ್ಕು ಜನ ಪೆಟ್ಟಿಗೆಯನ್ನು ಹಿಡಿದು ಈಚೆಗೆ ಎಳೆದರು. ಸೊಟ್ಟಗಾಗಿದ್ದ ಸುರುಳಿಯನ್ನು ಮಾಲಿನಿ ಬೆರಳಿನಿಂದ ತೀಡಿ ಗೋಡೆಗೆ ಸಮನಾಗಿ ನಿಲ್ಲಿಸಿದಳು.

ಒಳಗೆ ಯಾರೋ ಸಣ್ಣಗೆ ಕಿರುಚಿದರು. ಬೆಳಕು ಮತ್ತೆ ಶಿವಯ್ಯನ ಹಣೆಯ ಮೇಲೆ ಬಿದ್ದಿತ್ತು.

ಮುನಿಯಮ್ಮ ಬಾಗಿಲಲ್ಲಿ ನಿಂತು ಅದನ್ನೇ ನೋಡಿದಳು. ಹೆಂಗಸರು ಕೈ ಮುಗಿಯುತ್ತಿದ್ದರು. ಅವಳು ತಿರುಗಿ ಮಾಲಿನಿಯನ್ನು ಕೇಳಿದಳು. ಆ ದನಿ ಬೇರೆ ಯಾರಿಗೂ ಕೇಳಿಸುವಂತಿರಲಿಲ್ಲ.

“ಹಂಗಾರೆ ಅವರು ಬ್ಯಾಡ ಅನ್ನಲಿಲ್ವಾ?”

“ಇಲ್ಲ ಅತ್ತೆ.”

“ಈಗ? ಈಗ ಹೂಂ ಅಂದ್ರಾ?”

ಹೌದು ಅಂದುಬಿಡಬಹುದಿತ್ತು. ಎಲ್ಲರೂ ಅದನ್ನೇ ಕಾಯುತ್ತಿದ್ದಂತಿತ್ತು. ಮಾಲಿನಿ ನೆಲ ನೋಡಿದಳು.

“ಮಾವ ಏನೂ ಹೇಳಲಿಲ್ಲ ಅತ್ತೆ. ಸ್ಟೀಲು ಅಡ್ಡ ಬಂದಿತ್ತು, ಅಷ್ಟೆ.”

ಮುನಿಯಮ್ಮ ಹೊಸ್ತಿಲ ಮೇಲೆ ಕೂತಳು. ನಿನ್ನೆ ಸಂಜೆಯಿಂದ ಅಳದಿದ್ದವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಬಿದಿರು ಸೀಳುವವನ ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಎದ್ದಳು.

“ಏನೂ ಹೇಳಲಿಲ್ಲ ಅಂದ್ರೆ ನಾನೇ ಹೇಳಬೇಕು. ಧರ್ಮೇಶ, ಪೆಟ್ಟಿಗೆ ಒಳಕ್ಕೆ ತತ್ತಾ. ಆ ವೈರು ಎತ್ಕಂಬಾ. ಎಲ್ಲಾದ್ರೂ ಸವೆದೈತಾ ನೋಡು ಮಾಲಿನಿ.”

ಮಾಲಿನಿ ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ವೈರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳ ಸಂದಿನಲ್ಲಿ ಹಾಯಿಸಿ ನೋಡಿದಳು. ಒಂದು ಕಡೆ ಮಾತ್ರ ಕಪ್ಪು ಸಿಪ್ಪೆ ತುಸು ಬಿರಿದಿತ್ತು, ಒಳಗಿನ ತಾಮ್ರ ಕಾಣುತ್ತಿರಲಿಲ್ಲ. ಆದರೂ ಮನೆಗೆ ಓಡಿ ಟೇಪ್ ತಂದು ಐದು ಸುತ್ತು ಸುತ್ತಿದಳು.

ವೈರು ದೇವೀರಮ್ಮನ ಕಿಟಕಿಯಿಂದ ಹೊರಟು ಅಂಗಳವನ್ನು ಅಡ್ಡ ದಾಟಿ ಹೊಸ್ತಿಲು ಹೊಕ್ಕಿತು. ಒಳಗೆ ಪೆಟ್ಟಿಗೆ ಗುಂಯ್‌ಗುಟ್ಟತೊಡಗಿತು. ನೆಲದ ಮೇಲೆ ಬಿಟ್ಟರೆ ಬಂದವರೆಲ್ಲ ತುಳಿಯುತ್ತಾರೆ.

“ಒಂದು ಗಳು ನೆಡ್ತೀನಿ ದೊಡ್ಡಮ್ಮ, ಅದರ ಮೇಲೆ ಕಟ್ಟಿದ್ರಾಯ್ತು,” ಎಂದ ಧರ್ಮೇಶ್.

“ಕಟ್ಟಬ್ಯಾಡ. ಕಟ್ಟಿದ್ದನ್ನ ಆಮೇಲೆ ಯಾರೂ ನೋಡಲ್ಲ.”

ಅವಳು ಅಂಗಳದ ನಡುವೆ ಹೋಗಿ, ಎರಡು ಕೈಯಲ್ಲೂ ವೈರನ್ನು ಹಿಡಿದು ತಲೆಯ ಮೇಲಕ್ಕೆ ಎತ್ತಿದಳು. ಹಿಡಿದ ಕ್ಷಣ ಅವಳ ಕಣ್ಣುಗಳು ಬಿಗಿಯಾಗಿ ಮುಚ್ಚಿಕೊಂಡವು. ಆಮೇಲೆ ಕಣ್ಣು ತೆರೆದಳು.

ಹನ್ನೆರಡಾಯಿತು, ಎರಡಾಯಿತು. ಗುಂಡಿ ತೆಗೆದವರು ಬಂದು ಕೈಕಾಲು ತೊಳೆದರು. ನೆಂಟರು ಬಂದರು, ವೈರಿನ ಕೆಳಗೆ ಹಾದು ಒಳಗೆ ಹೋದರು, ಹೊರಗೆ ಬಂದರು. ದೇವೀರಮ್ಮ ನೀರು ಕುಡಿಸಲು ಚೊಂಬನ್ನು ಅವಳ ಬಾಯಿಗೆ ತಾನೇ ಹಿಡಿದಳು. “ಒಂಚೂರು ನಾನು ಹಿಡೀತೀನಿ, ಕೂತ್ಕೊಳ್ಳೆ ತಾಯಿ,” ಎಂದು ಕೆಂಚಪ್ಪ ಎರಡು ಸಲ ಬಂದ. ಎರಡು ಸಲವೂ ಅವಳು ತಲೆಯಾಡಿಸಿದಳು. ತೋಳು ಸೋತಾಗ ವೈರು ಹೆಗಲಿನವರೆಗೆ ಇಳಿಯುತ್ತಿತ್ತು. ಯಾರಾದರೂ ಗೇಟು ತೆರೆದರೆ ಮತ್ತೆ ಮೇಲೇರುತ್ತಿತ್ತು.

ಐದೂಕಾಲಿಗೆ ಆಟೊ ಬಂದು ನಿಂತಿತು. ಮಂಜುಳಾ ಬ್ಯಾಗನ್ನು ಬೀದಿಯಲ್ಲೇ ಬಿಟ್ಟು ಓಡಿ ಬಂದವಳು ತಾಯಿಯ ಮುಂದೆ ನಿಂತುಬಿಟ್ಟಳು. ತಬ್ಬಿಕೊಳ್ಳಲು ತಾಯಿಗೆ ಕೈ ಇರಲಿಲ್ಲ.

“ಇನ್ನೂ ಮಡಗಿದೀವಿ ಕಣವ್ವ,” ಅಂದಳು ಮುನಿಯಮ್ಮ. “ಹೋಗು. ತಲೆ ಬಗ್ಗಿಸ್ಕಂಡು ಹೋಗು.”

ಮಂಜುಳಾ ತಲೆ ಬಗ್ಗಿಸಿದಳು. ಮುನಿಯಮ್ಮ ಹಿಮ್ಮಡಿ ನೆಲಬಿಟ್ಟು, ತುದಿಗಾಲಲ್ಲಿ ನಿಂತು, ತಂತಿಯನ್ನು ಇನ್ನೂ ಒಂದು ಗೇಣು ಮೇಲಕ್ಕೆ ಎತ್ತಿದಳು.