ಕೋರಂ ಇಲ್ಲದ ಒಂದು ಗಂಟೆ

ಸೋಫಿಯಾ ನಗರದ ಆ ಹಳೆಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ಕೂತದ್ದು ಚಳಿಗಾಲಕ್ಕೆ ಮುಂಚೆ, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ. ಈಗ ಹಿಮ ಬೀಳುತ್ತಿತ್ತು. ಎಂಟನೇ ಮಹಡಿಯ ರಾದೋಸ್ತಿನಾಳ ಗಂಡ ಮೆತೋದಿಗೆ ಲಕ್ವ ಹೊಡೆದು ಒಂದು ಕೈ, ಒಂದು ಕಾಲು ಸ್ವಾಧೀನದಲ್ಲಿರಲಿಲ್ಲ. ಲಿಫ್ಟ್ ನಿಂತಂದಿನಿಂದ ಅವನು ಹೊರಗಿನ ಲೋಕ ಕಂಡಿದ್ದು ಕಿಟಕಿಯಿಂದ ಮಾತ್ರ. ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷ ಗಾಂಚೆವ್ ಇದ್ದದ್ದು ನೆಲಮಹಡಿಯಲ್ಲಿ. ಅವನಿಗ್ಯಾಕೆ ಲಿಫ್ಟ್? ಕೇಳಿದವರಿಗೆಲ್ಲ "ಆಗುತ್ತೆ, ಆಗುತ್ತೆ" ಅನ್ನುತ್ತ ವರ್ಷಗಳಿಂದ ಕುರ್ಚಿಗೆ ಅಂಟಿಕೊಂಡಿದ್ದ ಜಿಗಣೆ ಅವನು.

ಈ ಸಲ ರಾದೋಸ್ತಿನಾ ತಾನೇ ಅಧ್ಯಕ್ಷಗಿರಿಗೆ ನಿಂತಳು. ಮೇಲಿನ ಮಹಡಿಗಳ ಬಾಗಿಲು ಬಾಗಿಲು ತಟ್ಟಿದಳು. ಎದುರು ಮನೆಯ ಫಿಲ್ಕಾ ಅಂತೂ ಎದೆ ಮುಟ್ಟಿಕೊಂಡು ಹೇಳಿದ್ದಳು: "ನನ್ನ ಮಂಡಿ ನೋಡೇ, ಮೆಟ್ಟಿಲು ಹತ್ತಿ ಹತ್ತಿ ಸವೆದೇ ಹೋಗಿದೆ. ನಿನಗಲ್ದೆ ಇನ್ಯಾರಿಗೆ ಕೈ ಎತ್ಲಿ?" ಮೇಲಿನವರೆಲ್ಲ ಒಂದಾದರೆ ಗೆಲುವು ಖಚಿತವಿತ್ತು.

ಚುನಾವಣಾ ಸಭೆಯ ದಿನ ಸಂಜೆ ಏಳು ಗಂಟೆಗೆ ಎಲ್ಲರೂ ಕೆಳಗೆ ಅಂಚೆಪೆಟ್ಟಿಗೆಗಳ ಮುಂದೆ ಸೇರಿದರು. ಬೀಗ ಹಾಕಿಕೊಂಡು ಹೊರದೇಶಕ್ಕೆ ಹೋದವರ ಮನೆಗಳೇ ಬೇಕಾದಷ್ಟಿದ್ದುದರಿಂದ ಕೋರಂ ಆಗಲಿಲ್ಲ. ಯಾವ ವರ್ಷವೂ ಆದದ್ದಿಲ್ಲ. ಆಗದಿದ್ದರೆ ಒಂದು ಗಂಟೆ ಕಾದು, ಇದ್ದವರಲ್ಲೇ ಸಭೆ ನಡೆಸಬೇಕೆಂದು ಕಾನೂನು. ಮೊದಲಾದರೆ ಜನ ಲಿಫ್ಟ್ ಹತ್ತಿ ಮನೆಗೆ ಹೋಗಿ ಬರುತ್ತಿದ್ದರು. ಈಗ ಮಂಡಿನೋವಿನ ಮುದುಕ ಮುದುಕಿಯರು ಕೊರೆಯುವ ಚಳಿಯಲ್ಲಿ ನಿಂತಲ್ಲೇ ನಡುಗಿದರು.

ಆಗ ಗಾಂಚೆವ್‌ನ ಮನೆಬಾಗಿಲು ತೆರೆಯಿತು. ಬೆಣ್ಣೆ, ಚೀಸ್ ತುಂಬಿ ಬೇಯಿಸಿದ ಪದರರೊಟ್ಟಿಯ ಘಮ ಹೊರಗೆ ಬಂತು.

"ಅಯ್ಯೋ, ಹೊರಗ್ಯಾಕೆ ನಿಂತಿದ್ದೀರಿ? ಬನ್ನಿ, ನಾವೇನು ಹೊರಗಿನವರಾ?" ಎಂದಳು ಅವನ ಹೆಂಡತಿ. "ಬಾನಿತ್ಸಾ ಈಗಷ್ಟೇ ಒಲೆಯಿಂದ ತೆಗೆದೆ."

ಕೋರಂ ಆಗುವುದಿಲ್ಲವೆಂದು ಗೊತ್ತಿಲ್ಲದವರು ಇಡೀ ಕಟ್ಟಡಕ್ಕೆ ಸಾಕಾಗುವಷ್ಟು ಬಾನಿತ್ಸಾ ಬೇಯಿಸಿಡುತ್ತಾರೆಯೇ? ಒಬ್ಬೊಬ್ಬರಾಗಿ ಒಳಗೆ ನುಗ್ಗಿದರು. ರಾದೋಸ್ತಿನಾ ಹೊರಗೇ ನಿಂತಳು. ಗ್ಲಾಸುಗಳಿಗೆ ರಾಕಿಯಾ ಸಾರಾಯಿ ಸುರಿಯುವ ಗಾಂಚೆವ್, ಬೆರಳು ನೆಕ್ಕುವ ಬಾಯಿಗಳು, ಗದ್ದದ ಮೇಲೆ ಇಳಿಯುವ ಬೆಣ್ಣೆ, ಎಲ್ಲ ಕಾಣುತ್ತಿತ್ತು. ಲಿಫ್ಟ್ ರಿಪೇರಿ ಮಾಡಿಸದವನ ಮನೆಯಲ್ಲಿ, ಲಿಫ್ಟ್ ಇಲ್ಲವೆಂಬ ಕಾರಣಕ್ಕೇ ಕೂತು ಮುಕ್ಕುತ್ತಿದ್ದಾರಲ್ಲ! ಅವಳಿಗೆ ಹೇಸಿಗೆಯಾಯಿತು.

"ನೀನೂ ಬಾರಮ್ಮ ರಾದೋಸ್ತಿನಾ," ಗಾಂಚೆವ್ ಕೂಗಿದ. "ಚುನಾವಣೆ ಬೇರೆ, ಹೊಟ್ಟೆ ಬೇರೆ."

"ನನ್ನ ಹೊಟ್ಟೆ ತುಂಬಿದೆ."

"ಸಿಟ್ಟಿಂದಲಾ?"

ಎಲ್ಲರೂ ನಕ್ಕರು. ಫಿಲ್ಕಾಳೂ ನಕ್ಕಳು.

ಗಂಟೆ ಕಳೆದ ಮೇಲೆ ಮತ ಕೇಳಿದ್ದೂ ಅದೇ ಮನೆಯ ಹಜಾರದಲ್ಲೇ. ಗಾಂಚೆವ್‌ನ ಹೆಸರು ಹೇಳಿದ್ದೇ ತಡ, ಜಿಡ್ಡುಗೈಗಳು ಮೇಲೆದ್ದವು. ಫಿಲ್ಕಾಳ ಬಲಗೈಯಲ್ಲಿ ತಟ್ಟೆಯಿತ್ತು, ಎಡಗೈ ಎತ್ತಿದಳು.

ವಾಪಸ್ ಹತ್ತುವಾಗ ಫಿಲ್ಕಾ ಪ್ರತಿ ಮಹಡಿಯಲ್ಲೂ ಮೆಟ್ಟಿಲ ಕಂಬಿ ಹಿಡಿದು ನಿಂತು ಏದುಸಿರು ಬಿಟ್ಟಳು. "ಸಿಟ್ಟಾಗ್ಬೇಡ ಕಣೇ. ಅವರ ಸೋಫಾ ಮೇಲೆ ಕೂತು, ಅವರದ್ದೇ ತಿಂದು, ಅವರ ಮುಖಕ್ಕೇ ಬೇಡ ಅನ್ನೋಕಾಗುತ್ತಾ? ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ?"

ರಾದೋಸ್ತಿನಾಳಿಗೆ ಅವಳ ಮುಖಕ್ಕೆ ಉಗಿಯಬೇಕೆನಿಸಿತು. "ಆ ನಾಚಿಕೆನೇ ಗಟ್ಟಿಯಾಗಿ ಹಿಡ್ಕೊಂಡು ಹತ್ತು, ಕಂಬಿ ಯಾಕೆ ಬೇಕು?" ಎಂದು ಅವಳನ್ನು ಅಲ್ಲೇ ಬಿಟ್ಟು ಮೇಲೆ ನಡೆದಳು.

ಬಾಗಿಲು ತೆರೆದರೆ ಮೆತೋದಿ ಕೋಟು ತೊಟ್ಟು, ತಲೆ ಬಾಚಿ, ಬೂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಒಂದೇ ಕೈಯಲ್ಲಿ ಅಷ್ಟನ್ನೂ ಮಾಡಿಕೊಂಡದ್ದಕ್ಕೆ ಮುಖವೆಲ್ಲ ಬೆವತಿತ್ತು.

"ಒಬ್ನೇ ಹಾಕ್ಕೊಳ್ಳೋಕೆ ಬರುತ್ತಾ ಅಂತ ನೋಡ್ದೆ ಕಣೇ. ಬಂತು!" ಎಂದ. "ಲಿಫ್ಟ್‌ನೋರು ಯಾವಾಗ ಬರ್ತಾರಂತೆ?"

ರಾದೋಸ್ತಿನಾ ನೆಲದ ಮೇಲೆ ಕೂತು ಅವನ ಬೂಟಿನ ದಾರ ಬಿಚ್ಚತೊಡಗಿದಳು.